ಕಿಟಕಿ ತೆಗೆಯದ ಮನೆ

ಫೆಬ್ರವರಿ ಒಂಬತ್ತು, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಕೊರೆಯುವ ಚಳಿಯಲ್ಲಿ ಅಕ್ಕ ಹೊದಿಕೆ ಸುತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ಬೆನ್ನ ಹಿಂದೆ, ಎಂಜಿನಿಯರ್ ಆಗಿದ್ದ ತಮ್ಮ ತಾನೇ ನಿಂತು ಕಟ್ಟಿಸಿಕೊಟ್ಟ ಮನೆ: ಗೋಡೆಯೊಳಗೆ ಶಾಖ ತಡೆಯುವ ಗೇಣು ದಪ್ಪದ ಹಲಗೆ, ಕಿಟಕಿಗೆ ಎರಡು ಪದರದ ಗಾಜು, ಸಂದುಗೊಂದಿಗೆಲ್ಲ ರಬ್ಬರ್ ಪಟ್ಟಿ. ಹೀಟರ್ ಇಲ್ಲದೆಯೂ ಬೆಚ್ಚಗಿರುತ್ತಿತ್ತು.

"ಬೆಚ್ಚಗಿರೋ ಮನೆ ಬಿಟ್ಟು ಇಲ್ಲೇನಕ್ಕ ಮಾಡ್ತಿದೀಯ?" ಬೇಗನೆ ಬಂದಿದ್ದ ತಮ್ಮ ಕೇಳಿದ.

"ತಲೆ ಸಿಡೀತಿತ್ತು ಕಣೋ. ದಿನಾ ಬೆಳಿಗ್ಗೆ ಇದ್ದದ್ದೇ. ಸ್ವಲ್ಪ ಹೊತ್ತು ಇಲ್ಲಿ ಕೂತ್ರೆ ಹೋಗುತ್ತೆ."

"ಕಿಟಕಿ ತೆಗೀಬಾರದಾ?"

"ತೆಗೆದ್ರೆ ಬಿಸಿ ಸೋರಿಹೋಗುತ್ತೆ ಅಂದೋನು ನೀನೇ ಅಲ್ವೇನೋ! ನಿನ್ನ ಮನೇಲಿ ಗಾಳಿನೂ ಅಪ್ಪಣೆ ಕೇಳ್ಕೊಂಡು ಬರಬೇಕು." ಅವಳು ನಕ್ಕಳು. "ಹೆದರಬೇಡ, ಇವತ್ತು ಮನೆ ನೋಡೋಕೆ ಬರೋರ ಹತ್ರ ಬಾಯಿ ಬಿಡಲ್ಲ."

ತಮ್ಮನಿಗೆ ನಗು ಬರಲಿಲ್ಲ. ಒಳಗಿನ ಹಳಸಿದ ಗಾಳಿಯನ್ನು ಹೊರದೂಡಿ, ಅದರ ಬಿಸಿಯನ್ನು ಮಾತ್ರ ಉಳಿಸಿಕೊಂಡು ಹೊಸ ಗಾಳಿ ತರುವ ಫ್ಯಾನೊಂದು ಅಟ್ಟದ ಮೇಲಿತ್ತು. ಅಷ್ಟು ಬಿಗಿಯಾದ ಮನೆಗೆ ಅದೇ ಮೂಗು. ವಿದ್ಯುತ್ ಮೀಟರಿನ ಅಂಕಿ ಇನ್ನಷ್ಟು ಇಳಿದರೆ ನೋಡುವವರು ಬೆರಗಾಗುತ್ತಾರೆಂದು ನವೆಂಬರಿನಲ್ಲಿ ಅವನೇ ಅದನ್ನು ನಿಲ್ಲಿಸಿದ್ದ. ಅಕ್ಕನಿಗೆ ಹೇಳಿರಲಿಲ್ಲ.

ಅವಳ ಕೋಣೆಗೆ ಹೋಗಿ ದಿಂಬಿನ ಪಕ್ಕ, ನಾವು ಉಸಿರಲ್ಲಿ ಬಿಡುವ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಎಷ್ಟಿದೆಯೆಂದು ಅಳೆಯುವ ಮಾಪಕ ಇಟ್ಟ. ಅಂಕಿ ನಿಂತ ಮೇಲೆ ಅದನ್ನು ಅಲ್ಲೇ ಹಿಡಿದಿಡುವ ಗುಂಡಿ ಒತ್ತಿ ಜೇಬಿಗಿಳಿಸಿದ. ಆಮೇಲೆ ಅಟ್ಟ ಹತ್ತಿ ಫ್ಯಾನ್ ಹಾಕಿದ. ಹತ್ತಕ್ಕೆ ಜನ ಬರುವ ಹೊತ್ತಿಗೆ ಗಾಳಿ ತಿಳಿಯಾಗುತ್ತದೆ. ಯಾರಿಗೂ ಸುಳಿವು ಸಿಗುವುದಿಲ್ಲ. ಹಾಗೆ ಅನ್ನಿಸಿದ್ದಕ್ಕೇ ಅವನ ಕಿವಿ ಬಿಸಿಯಾಯಿತು.

ಹತ್ತಕ್ಕೆ ಜನ ಬಂದರು. ವಿದ್ಯುತ್ ಮೀಟರ್ ನೋಡಿ ತಲೆದೂಗಿದರು. ಮನೆ ಕಟ್ಟಿಸಲು ಹೊರಟಿದ್ದ ಹೆಂಗಸೊಬ್ಬರು ಅಕ್ಕನನ್ನು ಕೇಳಿದರು: "ಎಲ್ಲಾ ಮುಚ್ಚಿದೆಯಲ್ಲ, ಉಸಿರು ಕಟ್ಟಿದ ಹಾಗಾಗಲ್ವಾ?"

"ಅಯ್ಯೋ, ಇಲ್ಲಪ್ಪ! ಚಳಿಗಾಲ ಪೂರ್ತಿ ಒಂದು ಕಿಟಕಿ ತೆಗೆದಿಲ್ಲ. ಕಣ್ತುಂಬ ನಿದ್ದೆ," ಎಂದಳು ಅಕ್ಕ. ತಮ್ಮನ ಕಡೆ ನೋಡಿ ಹುಬ್ಬು ಹಾರಿಸಿದಳು, ಹೇಗೆ ಎಂಬಂತೆ.

ಅವನು ತಲೆ ತಗ್ಗಿಸಿದ. ಜೇಬಿನಿಂದ ಮಾಪಕ ತೆಗೆದು ಮೇಜಿನ ಮೇಲಿಟ್ಟ.

"ಹೊಸ ಗಾಳಿ ತರೋ ಫ್ಯಾನ್ ನವೆಂಬರಿನಲ್ಲಿ ನಾನೇ ನಿಲ್ಲಿಸಿದ್ದೆ. ಇದು ಇವತ್ತು ಬೆಳಿಗ್ಗೆ ಅಕ್ಕನ ಕೋಣೆಯ ಗಾಳಿ. ಇಂಗಾಲದ ಡೈಆಕ್ಸೈಡ್ ಅಂಕಿ ಸಾವಿರದ ಒಳಗಿರಬೇಕಿತ್ತು."

ಅಕ್ಕ ಕನ್ನಡಕ ಏರಿಸಿಕೊಂಡು, ಮೇಜಿನ ಮೇಲೆ ಬಗ್ಗಿ, ಮೆಲ್ಲಗೆ ಓದಿದಳು.

"ಮೂರು ಸಾವಿರದ ನೂರಾ ಇಪ್ಪತ್ತು."