ಅಳಿಸಿದ ಉತ್ತರ

ಒಸಾಕಾದ ಆ ಶಾಲೆಗೆ ನಾಲ್ಕು ವಾರದ ಟೀಚರ್ ತರಬೇತಿಗೆ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ಮಕ್ಕಳೆಂದರೆ ಪ್ರಾಣ, ಇನ್ನು ಕಲಿಯುವುದೇನಿದೆ ಎಂಬ ಗರ್ವ ಬೇರೆ. ನನ್ನನ್ನು ತಿದ್ದಲು ಸಿಕ್ಕವರು ಎರಡನೇ ತರಗತಿಯ ನಗತಾನಿ ಟೀಚರ್, ಮೂವತ್ತು ವರ್ಷ ಸೀಮೆಸುಣ್ಣದ ಪುಡಿ ಕುಡಿದ ಹೆಂಗಸು.

ಅವರು ಮೊದಲು ಕಲಿಸಿದ್ದು ಬೋರ್ಡು ಬರೆಯುವುದನ್ನು. ನಲವತ್ತೈದು ನಿಮಿಷದ ಪಾಠವೆಲ್ಲ ಒಂದೇ ಬೋರ್ಡಿನಲ್ಲಿ ಹಿಡಿಯಬೇಕು. ಎಡಕ್ಕೆ ಪ್ರಶ್ನೆ, ನಡುವೆ ಮಕ್ಕಳು ಹೇಳಿದ್ದು, ಬಲಕ್ಕೆ ಕೊನೆಗೆ ಕಂಡುಕೊಂಡದ್ದು. ಗಂಟೆ ಹೊಡೆಯುವವರೆಗೆ ಡಸ್ಟರ್ ಮುಟ್ಟುವಂತಿಲ್ಲ. ದಿನಾ ಸಂಜೆ ಖಾಲಿ ತರಗತಿಯಲ್ಲಿ ಕೈ ಸೋಲುವವರೆಗೆ ಬರೆದೆ. ಕೊನೆಯ ಶುಕ್ರವಾರ ಹೆಡ್‌ಮಾಸ್ಟರ್ ಮತ್ತು ಉಳಿದ ಟೀಚರುಗಳ ಎದುರು ಪಾಠ ಮಾಡಬೇಕಿತ್ತು. ಅದು ಕೆಟ್ಟರೆ ಟೀಚರ್ ಆಗುವ ಆಸೆಗೆ ಎಳ್ಳುನೀರು ಬಿಟ್ಟ ಹಾಗೆಯೇ.

ಬುಧವಾರ ನಲವತ್ತಮೂರರಲ್ಲಿ ಹದಿನೆಂಟು ಕಳೆಯುವ ಲೆಕ್ಕ. ಎಂದೂ ಬಾಯಿಬಿಡದ ಸುಜುನಾ ಅವತ್ತು ಕೈ ಎತ್ತಿದಳು.

"ಮೂವತ್ತೈದು."

ಬರೆದೆ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಮಗುವಿಗೆ ಅವಮಾನ ಆಗಬಾರದೆಂದು ಸರಕ್ಕನೆ ಅಳಿಸಿ, "ಪರ್ವಾಗಿಲ್ಲ ಪುಟ್ಟಾ, ಕೂತ್ಕೋ," ಎಂದೆ. ನನ್ನ ಒಳ್ಳೆಯತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮಧ್ಯಾಹ್ನ ಊಟ ಬಡಿಸುವ ಸರದಿ ಸುಜುನಾಳದು. ಬಿಳಿ ಟೋಪಿ ಹಾಕಿಕೊಂಡು ಎಲ್ಲರಿಗೂ ಮಿಸೊ ಸಾರು ಹಾಕಿದಳು. ನನ್ನ ಬಟ್ಟಲಿಗೂ ಹಾಕಿದಳು, ಮುಖ ಮಾತ್ರ ನೋಡಲಿಲ್ಲ.

ಪಾಠದುದ್ದಕ್ಕೂ ತರಗತಿಯ ಹಿಂದೆ ಕೂತು ನೋಡಿದ್ದ ನಗತಾನಿ ಟೀಚರ್ ಸಂಜೆ ಕೇಳಿದರು, "ಏನಮ್ಮಾ ಕುವಬರಾ, ಆ ಹುಡುಗಿ ಮೇಲೆ ಏನ್ ಸಿಟ್ಟು ನಿಂಗೆ?"

"ಸಿಟ್ಟಾ? ಅವಳಿಗೆ ನಾಚಿಕೆ ಆಗ್ಬಾರ್ದು ಅಂತ ಅಳಿಸ್ದೆ."

"ನಾಚಿಕೆ ಆಗಿದ್ದು ನಿಂಗೆ, ನಿನ್ನ ಚೆಂದದ ಬೋರ್ಡ್ ಮೇಲೆ ತಪ್ಪು ಕೂತಿದೆ ಅಂತ. ಮೂವತ್ತೈದು ಹೇಗ್ ಬಂತು ಅಂತ ಕೇಳಿದ್ಯಾ? ಮೂರರಲ್ಲಿ ಎಂಟು ಹೋಗಲ್ಲ, ಅದಕ್ಕೆ ಎಂಟರಲ್ಲೇ ಮೂರು ಕಳೆದಿದಾಳೆ. ಅರ್ಧ ಕ್ಲಾಸು ಹಾಗೇ ಮಾಡಿತ್ತು, ಬಾಯಿಬಿಟ್ಟು ಹೇಳಿದ್ದು ಅವಳೊಬ್ಬಳೇ. ನೀನು ಅವಳನ್ನೇ ಒರೆಸಿ ಹಾಕ್ದೆ."

ಕೆನ್ನೆಗೆ ಹೊಡೆದ ಹಾಗಾಯಿತು. ರೈಲಿನಲ್ಲಿ ಮನೆ ಸೇರುವವರೆಗೂ ಅತ್ತೆ.

ಗುರುವಾರ ಸುಜುನಾ ಕೈ ಎತ್ತಲೇ ಇಲ್ಲ.

ಶುಕ್ರವಾರ ತರಗತಿಯ ಹಿಂದೆ ಟೀಚರುಗಳು ಸಾಲಾಗಿ ನಿಂತಿದ್ದರು. ಹೆಡ್‌ಮಾಸ್ಟರ್ ಕೈಯಲ್ಲಿ ಪೆನ್ನು. ಅರವತ್ತೆರಡರಲ್ಲಿ ಮೂವತ್ತೈದು ಕಳೆಯಿರಿ ಎಂದು ಬರೆದೆ. ಸರಿ ಉತ್ತರ ಗೊತ್ತಿದ್ದವರ ಕೈಗಳೆಲ್ಲ ಮೇಲೆದ್ದವು. ಅವುಗಳ ನಡುವೆ ಸುಜುನಾಳ ಕೈ, ಕಿವಿಯವರೆಗೆ ಮಾತ್ರ.

"ಸುಜುನಾ, ಹೇಳು."

ಅವಳು ಎದ್ದು ನಿಂತಳು. "ಟೀಚರ್, ತಪ್ಪಾದ್ರೆ ಇವತ್ತೂ ಅಳಿಸ್ತೀರಾ?"

ಹೆಡ್‌ಮಾಸ್ಟರ್ ತಲೆ ಎತ್ತಿದರು. ಏನಾದರೊಂದು ಹೇಳಿ ನಕ್ಕು ಸಾಗಹಾಕಬಹುದಿತ್ತು, ನಗತಾನಿ ಟೀಚರ್ ಬಿಟ್ಟು ಹಿಂದಿದ್ದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಮೊನ್ನೆ ನಿನ್ನ ಉತ್ತರ ಅಳಿಸಿದ್ದು ನನ್ನ ತಪ್ಪು ಸುಜುನಾ. ಹೇಗ್ ಬಂತು ಅಂತ ಕೇಳ್ಬೇಕಿತ್ತು, ಕೇಳ್ಲಿಲ್ಲ. ಇವತ್ತು ಅಳಿಸಲ್ಲ."

ಪೆನ್ನು ಏನೋ ಬರೆದುಕೊಂಡಿತು. ಬರೆದುಕೊಳ್ಳಲಿ ಎನಿಸಿತು.

ಸುಜುನಾ ನನ್ನನ್ನೇ ಒಂದು ಗಳಿಗೆ ನೋಡಿದಳು.

"ಮೂವತ್ತೇಳು," ಎಂದಳು.

ಮತ್ತೆ ತಪ್ಪು, ಆದರೆ ಮೊನ್ನೆಯ ತಪ್ಪಲ್ಲ. ಬೋರ್ಡಿನ ನಟ್ಟನಡುವೆ ದೊಡ್ಡದಾಗಿ ಬರೆದು, "ಹೇಗ್ ಬಂತು, ಬಂದು ತೋರ್ಸು," ಎಂದು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆ.