ಬಾವಿಗೂ ಬಿಡುವು ಬೇಕು

ಗುಟ್ಟೆಹಳ್ಳಿಗೆ ಕರೆಂಟು ಬಂದ ದಿನ ಊರಿಗೆ ಊರೇ ದೊಡ್ಡಬಾವಿಯ ಸುತ್ತ ನೆರೆದಿತ್ತು, ಚಿಕ್ಕಮುನಿಯಪ್ಪನೊಬ್ಬನನ್ನು ಬಿಟ್ಟು. ಅವನು ತನ್ನ ಜೋಡಿ ಎತ್ತುಗಳನ್ನು ಹೊಡೆದುಕೊಂಡು ಊರ ಹಿಂದಿನ ಗುಟ್ಟೆಗುಡ್ಡದ ಆಚೆ ಬದಿಗೆ ಹೋಗಿ ಹುಣಸೆಮರದ ಕೆಳಗೆ ಊರಿಗೆ ಬೆನ್ನು ಹಾಕಿ ಕೂತಿದ್ದ. ಮೋಟಾರಿನ ಸದ್ದು ಅಲ್ಲಿಗೂ ಬಂತು. ಬೆನ್ನು ತಿರುಗಿಸಬಹುದು, ಕಿವಿಗೆ ಅಗುಳಿ ಹಾಕುವುದು ಹೇಗೆ?

ಇಪ್ಪತ್ತೆರಡು ವರ್ಷದಿಂದ ದೊಡ್ಡಬಾವಿಯ ಕಪಿಲೆ ಹೊಡೆದವನು ಅವನೇ. ಎತ್ತುಗಳು ಇಳಿಜಾರಿನಲ್ಲಿ ಇಳಿದರೆ ತೊಗಲಿನ ಬಾನಿ ಮೇಲೆ ಬರಬೇಕು, ಹಿಂದಕ್ಕೆ ಹತ್ತಿದರೆ ಕೆಳಗೆ ಹೋಗಬೇಕು. ನಡುಹಗಲು ನೊಗ ಇಳಿಸುವ ಹೊತ್ತೊಂದು ಬಿಟ್ಟರೆ ಬೆಳಗಿನಿಂದ ಬೈಗಿನವರೆಗೆ ಅದೇ ಹತ್ತು, ಅದೇ ಇಳಿ. ಬಾವಿಯ ಕೆಳಗೆ ಹದಿನಾರು ಮನೆಯವರ ಹೊಲವಿತ್ತು. ಚಿಕ್ಕಮುನಿಯಪ್ಪನದು ಒಂದು ಗೇಣೂ ಇರಲಿಲ್ಲ. ಎತ್ತು ಅವನವು, ಮೈಕಷ್ಟ ಅವನದು, ನೀರು ಊರಿನವರದು. ಸುಗ್ಗಿಯಲ್ಲಿ ಮನೆಗಿಷ್ಟು ಅಂತ ಕಣದಲ್ಲಿ ರಾಗಿ ಅಳೆದು ಕೊಡುತ್ತಿದ್ದರು. ಅದರಲ್ಲೇ ಅವನ ಒಲೆ ಉರಿಯುತ್ತಿತ್ತು.

ಸ್ವಾತಂತ್ರ್ಯ ಬಂದು ಒಂದೂವರೆ ವರ್ಷಕ್ಕೆ ರಾಯಕೋಟೆ ಕಡೆಯಿಂದ ಕಂಬಗಳು ಒಂದೊಂದಾಗಿ ನಡೆದು ಬಂದವು. ಅದಕ್ಕೂ ಮುಂಚೆ ಸಹಕಾರ ಸಂಘ ಆಯಿತು. ಊರಿನವರೇ ಸೇರಿದರೆ ತಂತಿ ಎಳೆಯುತ್ತೇವೆ, ಒಬ್ಬೊಬ್ಬರ ಮನೆಗೆ ಬೇರೆ ಬೇರೆ ಎಳೆಯುವುದಕ್ಕಾಗದು ಎಂದು ಕರೆಂಟಿನ ಕಚೇರಿಯವರು ಹೇಳಿದ್ದರು. ಊರಗೌಡ ತಿಮ್ಮರಾಯಪ್ಪನವರು ಅಧ್ಯಕ್ಷರು, ಸ್ಕೂಲು ಮೇಷ್ಟ್ರು ರಾಮಚಂದ್ರಪ್ಪ ಕಾರ್ಯದರ್ಶಿ. ಗೌಡರು ಕೃಷ್ಣಗಿರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದರು ಅಂತ ಊರು ಹೊಗಳುತ್ತಿತ್ತು. ಸವೆದದ್ದು ಅವರ ಗಾಡಿಚಕ್ರದ ಪಟ್ಟಿ, ಆದರೂ ಓಡಾಡಿದ್ದು ನಿಜವೇ. ಸಂಘದಲ್ಲಿ ಮನೆಗೊಂದು ಪಾಲು. ಭೂಮಿ ಎಷ್ಟಿದ್ದರೂ ಸಭೆಯಲ್ಲಿ ಎತ್ತುವುದು ಒಂದೇ ಕೈ. ಗೌಡರಿಗೂ ಒಂದೇ, ಅರ್ಧ ಎಕರೆಯ ಪಾಪಣ್ಣನಿಗೂ ಒಂದೇ. ಇದು ಮಾತ್ರ ಊರಿಗೆ ಕರೆಂಟಿಗಿಂತ ದೊಡ್ಡ ಸೋಜಿಗವಾಗಿತ್ತು.

ಸಂಘ ಮೂರು ಕೆಲಸ ಮಾಡಿತು. ಚಾವಡಿಗೆ ಒಂದು ದೀಪ ಹಾಕಿಸಿತು, ಚಾವಡಿಯ ಪಕ್ಕದ ಕೊಟ್ಟಿಗೆಯಲ್ಲಿ ರಾಗಿ ಮಿಲ್ಲು ಇಡಿಸಿತು, ದೊಡ್ಡಬಾವಿಗೆ ಮೋಟಾರು ಇಳಿಸಿತು. ಮಿಲ್ಲು ಶುರುವಾದ ದಿನ ಚಿಕ್ಕಮುನಿಯಪ್ಪನ ಹೆಂಡತಿ ಕದಿರಮ್ಮ ರಾಗಿ ಹೊತ್ತುಕೊಂಡು ಹೋದವಳು ಬಿಸಿ ಹಿಟ್ಟು ಹಿಡಿದು ನಗುತ್ತಾ ಬಂದಳು. ಹನ್ನೆರಡು ವರ್ಷದವಳಿಂದ ಬೀಸುತ್ತಿದ್ದ ಕೈ ಅವಳದು. ಗಂಡನ ಮುಖ ನೋಡಿ ನಗು ನುಂಗಿಕೊಂಡಳು.

ಅವನಿಗೂ ಆಸೆಯಿಲ್ಲದೆ ಇರಲಿಲ್ಲ. ಮೋಟಾರು ಬರುವ ಮುಂಚೆಯೇ ಮೇಷ್ಟ್ರ ಹತ್ತಿರ ಹೋಗಿ, ತನ್ನನ್ನೂ ಸಂಘಕ್ಕೆ ಸೇರಿಸಿಕೊಳ್ಳಿ ಅಂತ ಕೇಳಿದ್ದ. ಬಾವಿಯ ಕೆಳಗೆ ಭೂಮಿ ಇರುವವರು ಮಾತ್ರ ಮೆಂಬರು ಅಂತ ಬರೆದಿದೆ ಎಂದು ಮೇಷ್ಟ್ರು ನೊಂದುಕೊಂಡೇ ಹೇಳಿದರು. ಕಪಿಲೆ ನಿಂತಿತು. ಕಪಿಲೆ ಹೊಡೆಯದವನಿಗೆ ಮುಂದಿನ ಸುಗ್ಗಿಯಲ್ಲಿ ಕಣದಲ್ಲಿ ರಾಗಿ ಅಳೆಯುವವರು ಯಾರು? ರಾಯಕೋಟೆ ಸಂತೆಯಲ್ಲಿ ಎತ್ತು ಮಾರಿ, ಡೆಂಕಣಿಕೋಟೆ ಕಾಡಿಗೆ ಮರ ಕಡಿಯುವ ಕೂಲಿಗೆ ಹೋಗುವುದೊಂದೇ ದಾರಿ ಅಂತ ಅವನು ಲೆಕ್ಕ ಹಾಕಿದ.

ಇತ್ತ ಮೋಟಾರು ಊರಿನ ತಲೆ ತಿರುಗಿಸಿಬಿಟ್ಟಿತ್ತು. ಒಂದು ದಿನವೆಲ್ಲ ಹಾಯಿಸುತ್ತಿದ್ದ ಹೊಲ ಬೆಳಗಿನ ಅಂಬಲಿಯ ಹೊತ್ತಿಗೆ ನೆನೆದು ಕೂತಿರುತ್ತಿತ್ತು. ಒಬ್ಬನ ಸರದಿ ಮುಗಿದರೆ ಇನ್ನೊಬ್ಬ, ಅವನಾದರೆ ಮತ್ತೊಬ್ಬ. ಮೋಟಾರಿಗೆ ಕಾಲು ನೋಯುವುದಿಲ್ಲ, ಹುಲ್ಲು ಬೇಡ, ಯಾಕೆ ನಿಲ್ಲಿಸಬೇಕು? ಹೀಗೆ ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಮೋಟಾರು ಗೊರಗೊರ ಅಂದು, ಸುಟ್ಟ ವಾಸನೆ ಬಿಟ್ಟು, ಸುಮ್ಮನಾಯಿತು.

ಕೃಷ್ಣಗಿರಿಯಿಂದ ಬಂದ ಮೇಸ್ತ್ರಿ ತಮಿಳಿನಲ್ಲೇ ಬೈಯುತ್ತಾ ಪಂಪು ಬಿಚ್ಚಿದ. ಒಳಗೆ ಬರೀ ಕೆಸರು. ಕೆಸರು ನುಂಗಿ ಚಕ್ರ ಸಿಕ್ಕಿಕೊಂಡಿತ್ತು, ಮೋಟಾರಿನ ಸುರುಳಿ ಸುಟ್ಟಿತ್ತು. ನೀರಿಲ್ಲದ ಬಾವಿಗೆ ಮೋಟಾರು ಯಾಕಯ್ಯಾ ಅಂದು ಅದನ್ನು ಗಾಡಿಯಲ್ಲಿ ಹಾಕಿಕೊಂಡು ಹೋದ. ಊರಿಗೆ ಅವಮಾನವಾಯಿತು. ದೊಡ್ಡಬಾವಿ ಅಜ್ಜನ ಕಾಲದಿಂದ ಒಣಗಿದ್ದಿಲ್ಲ. ಮುನೇಶ್ವರನಿಗೆ ಕೋಳಿ ಕೊಡದೆ ಮೋಟಾರು ಇಳಿಸಿದ್ದಕ್ಕೆ ಹೀಗಾಯಿತು ಎಂದು ಕೆಲವರು, ಮೋಟಾರೇ ಖೊಟ್ಟಿ ಎಂದು ಕೆಲವರು. ಕೋಳಿಯನ್ನೂ ಕೊಟ್ಟರು. ಮುನೇಶ್ವರನಿಗೆ ಸಿಕ್ಕಿದ್ದು ಹೊಗೆ, ಉಂಡವರು ಇವರೇ.

ಮೋಟಾರು ರಿಪೇರಿಗೆ ಬೆಂಗಳೂರಿಗೆ ಹೋಗಿ ಬರುವವರೆಗೆ ಗಿಡ ಕಾಯುತ್ತದೆಯೇ? ಗೌಡರೇ ಚಿಕ್ಕಮುನಿಯಪ್ಪನ ಬಾಗಿಲಿಗೆ ಬಂದರು. ಎತ್ತುಗಳನ್ನು ಅವನಿನ್ನೂ ಮಾರಿರಲಿಲ್ಲ. ಅವನು ಮಿಣಿಹಗ್ಗಕ್ಕೆ ಎಣ್ಣೆ ಸವರಿ, ಬಾನಿ ನೆನೆಸಿ, ಕಪಿಲೆ ಕಟ್ಟಿದ. ಮೊದಲ ಬಾನಿ ಮೇಲೆ ಬಂದು ನೀರು ಧುಮುಕಿದಾಗ ಅವನಿಗೆ ಅಳುವೇ ಬಂತು. ಎತ್ತಿನ ಬೆನ್ನು ತಟ್ಟುವ ನೆಪದಲ್ಲಿ ಕಣ್ಣೊರೆಸಿಕೊಂಡ.

ಇಪ್ಪತ್ತು ದಿನಕ್ಕೆ ಮೋಟಾರು ವಾಪಸು ಬಂತು, ಜೊತೆಗೆ ಕರೆಂಟಿನ ಕಚೇರಿಯ ಒಂದು ಕಾಗದವೂ. ಇನ್ನೊಮ್ಮೆ ಹೀಗೆ ಸುಟ್ಟರೆ ತಂತಿ ಬಿಚ್ಚಿ, ಸರದಿಯಲ್ಲಿ ಕಾದಿರುವ ಬೇರೆ ಊರಿಗೆ ಕೊಡಲಾಗುವುದು ಎಂದು ಬರೆದಿತ್ತು. ಭಾನುವಾರ ಮಧ್ಯಾಹ್ನ ಚಾವಡಿಯಲ್ಲಿ ಸಭೆ ಎಂದು ಸಾರಿದರು.

ಚಿಕ್ಕಮುನಿಯಪ್ಪನಿಗೆ ಅವತ್ತಿನಿಂದ ಊಟ ಸೇರಲಿಲ್ಲ. ಬತ್ತದ ಬಾವಿ ಯಾಕೆ ಬತ್ತಿತೆಂದು ಊರಿನಲ್ಲಿ ಗೊತ್ತಿದ್ದವನು ಅವನೊಬ್ಬನೇ. ಬಾಯಿಮುಚ್ಚಿಕೊಂಡಿದ್ದರೆ ಸಾಕು, ಮತ್ತೆ ಸುಡುತ್ತದೆ, ತಂತಿ ಹೋಗುತ್ತದೆ, ಕಪಿಲೆ ಉಳಿಯುತ್ತದೆ. ಸುಳ್ಳು ಹೇಳಬೇಕಿಲ್ಲ, ಯಾರದ್ದನ್ನೂ ಕದಿಯಬೇಕಿಲ್ಲ. ಕದಿರಮ್ಮನಿಗೆ ಗಂಡನ ಮೌನ ಓದಲು ಬರುತ್ತಿತ್ತು. ಭಾನುವಾರ ಮುದ್ದೆ ಮುಟ್ಟದೆ ಕೂತವನ ಎದುರು ಅವಳು ಕೂತಳು.

"ನಿಂಗೇನೋ ಗೊತ್ತದೆ. ನೀನು ಯೋಳಾಕಿಲ್ಲ," ಅಂದಳು.

ಅವನು ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ತಂತಿ ಹೋದ್ರೆ ಮಿಲ್ಲೂ ಹೋಯ್ತದೆ. ನಾನು ತಿರ್ಗ ಬೀಸೋ ಕಲ್ ಮುಂದೆ ಕೂತ್ಕತೀನಿ. ನಾನೊಬ್ಳೇ ಅಲ್ಲ, ಊರಾಗಿನ ಹೆಂಗಸ್ರೆಲ್ಲ. ನೀನು ಸುಮ್ಕಿರಾದಾದ್ರೆ ಸುಮ್ಕಿರು, ಆದ್ರೆ ಗೊತ್ತಿದ್ದೇ ಸುಮ್ಕಿದ್ದೆ ಅನ್ನಾದು ನಂಗೂ ಗೊತ್ತಿರ್ತದೆ."

ಅಷ್ಟು ಹೇಳಿ ಎದ್ದು ಹೋದಳು. ಕೋಪ ಮಾಡಿಕೊಂಡಿದ್ದರೆ ಅವನು ತಿರುಗಿ ಬೈಯುತ್ತಿದ್ದ. ಅವಳು ಕೋಪ ಮಾಡಿಕೊಳ್ಳಲಿಲ್ಲ, ಅದೇ ತೊಂದರೆಯಾಯಿತು.

ಚಾವಡಿಯಲ್ಲಿ ಮಾತು ಜೋರಾಗಿತ್ತು. ಬಾವಿ ಇನ್ನಷ್ಟು ತೋಡಬೇಕೆಂದು ಒಬ್ಬ, ಚಿಕ್ಕ ಮೋಟಾರು ತರಬೇಕೆಂದು ಒಬ್ಬ. ಮೆಂಬರಲ್ಲದವನು ಒಳಗೆ ಬರುವಂತಿಲ್ಲ, ಚಿಕ್ಕಮುನಿಯಪ್ಪ ಕಂಬ ಹಿಡಿದು ಹೊರಗೇ ನಿಂತ. ಅಲ್ಲಿಂದಲೇ, ಬಾವಿ ತೋಡಬೇಕಾಗಿಲ್ಲ ಎಂದ. ಎಲ್ಲರೂ ತಿರುಗಿ ನೋಡಿದರು, ಅವನು ಕಂಬ ಬಿಡದೆ ಮುಂದುವರಿಸಿದ.

"ಹೊತ್ತೇರಿದ ಮ್ಯಾಲೆ ನಾನು ನೊಗ ಇಳಿಸ್ತಿದ್ದೆ. ಇಳಿಹೊತ್ತಿಗೇ ತಿರ್ಗ ಕಟ್ಟಾದು. ಎತ್ತಿಗೆ ಸುಸ್ತಾಯ್ತದೆ ಅಂತ ನೀವೂ ಅಂದ್ಕಂಡ್ರಿ, ನಾನೂ ಅಂಗೇ ಅಂದ್ಕಂಡಿದ್ದೆ. ಆದ್ರೆ ಎತ್ತು ನಿಂತಾಗ ಬಾವಿ ತುಂಬ್ಕತಿತ್ತು. ಮೂಡಗಡೆ ಬಂಡೆ ಸಂದೀಲಿ ಬರೋ ಜಲ ಸಣ್ಣದು, ಅದ್ಕೆ ಟೈಮು ಬೇಕು. ಮೋಟಾರಿಗೆ ಸುಸ್ತಾಗಾಕಿಲ್ಲ ಗೌಡ್ರೆ, ಬಾವಿಗಾಯ್ತದೆ."

ಅಜ್ಜನ ಕಾಲದಿಂದ ಬಾವಿ ಬತ್ತಿಲ್ಲ ಅಂತ ಎದೆ ತಟ್ಟಿಕೊಳ್ಳುತ್ತಿದ್ದ ಹದಿನಾರು ಮನೆಯವರಿಗೆ, ಬತ್ತದಂತೆ ಕಾದದ್ದು ಎತ್ತಿನ ದಣಿವು ಎಂಬುದು ಅವತ್ತು ತಿಳಿಯಿತು. ರಾಮಚಂದ್ರಪ್ಪ ಮೇಷ್ಟ್ರಿಗೆ ಯಾವುದನ್ನೂ ಅಳೆಯದೆ ನಂಬುವ ಅಭ್ಯಾಸವಿರಲಿಲ್ಲ. ಮಾರನೆಯ ದಿನ ಹಗ್ಗಕ್ಕೆ ಗಂಟು ಹಾಕಿ ಬಾವಿಗಿಳಿಸಿ, ಗಡಿಯಾರ ಹಿಡಿದು ಇಡೀ ಹಗಲು ಕೂತರು. ಚಿಕ್ಕಮುನಿಯಪ್ಪ ಇಷ್ಟು ಹೊತ್ತಿಗೆ ಇಲ್ಲಿಗೆ ಬರುತ್ತದೆ ಅಂತ ತೋರಿಸಿದ ಕಲ್ಲಿಗೆ ನೀರು ಅಷ್ಟು ಹೊತ್ತಿಗೇ ಬಂತು.

ಮತ್ತೆ ಸಭೆ ಸೇರಿತು. ಮೋಟಾರು ಹಾಕುವ, ನಿಲ್ಲಿಸುವ ಕೂಲಿ ಕೆಲಸ ಚಿಕ್ಕಮುನಿಯನಿಗೇ ಇರಲಿ ಎಂದು ಗೌಡರು ದೊಡ್ಡ ಮನಸ್ಸು ಮಾಡಿದರು. ಅವನು ಕೈಮುಗಿದು, ಕೂಲಿಯವನು ನಿಲ್ಲಿಸು ಅಂದರೆ ಯಾರು ಕೇಳುತ್ತಾರೆ, ಮೆಂಬರು ಮಾಡಿಕೊಂಡರೆ ಮಾತ್ರ ಮಾಡುತ್ತೇನೆ ಎಂದ. ಇದು ಬಾಯಿಂದ ಹೇಗೆ ಬಂತೋ ಅವನಿಗೇ ತಿಳಿಯಲಿಲ್ಲ. ಭೂಮಿ ಎಲ್ಲಿದೆ ಅಂತ ಯಾರೋ ಕೇಳಿದರು. ಮೇಷ್ಟ್ರು ನಿಯಮದ ಪುಸ್ತಕ ತೆರೆದು, ಬರೆದವರು ನಾವೇ, ತಿದ್ದುವವರೂ ನಾವೇ ಎಂದರು. ಬಾವಿಯ ಕೆಳಗೆ ಭೂಮಿ ಇರುವವರು ಎಂಬಲ್ಲಿ ಬಾವಿಯನ್ನು ನಂಬಿ ಬಾಳುವವರು ಎಂದು ಮಾಡಿದರಾಯಿತು. ಮೊದಲು ಕೈ ಎತ್ತಿದವನು ಪಾಪಣ್ಣ. ಆಮೇಲೆ ಎಣಿಸುವ ಕೆಲಸ ಉಳಿಯಲಿಲ್ಲ. ಸುಗ್ಗಿಯ ರಾಗಿ ಮೊದಲಿನಂತೆಯೇ ನಡೆಯಲಿ ಎಂದೂ ಆಯಿತು. ಎತ್ತುಗಳು ಉಳುಮೆಗೆ ಉಳಿದವು.

ಆದರೆ ಕಾಗದದ ಮೇಲೆ ಮೆಂಬರಾಗುವುದು ಬೇರೆ. ಅದು ನಿಜವಾದದ್ದು ಒಂದು ತಿಂಗಳ ಮೇಲೆ, ಬಿಸಿಲು ನೆತ್ತಿ ಸುಡುವ ಒಂದು ದಿನ. ಗೌಡರ ಸರದಿ. ಮೆಣಸಿನ ತೋಟದಲ್ಲಿ ಎರಡೇ ಪಾತಿ ಬಾಕಿ. ನೀರು ಮೂಡಗಡೆಯ ಬಂಡೆಯ ಕೆಳಗೆ ಇಳಿದದ್ದು ನೋಡಿ ಚಿಕ್ಕಮುನಿಯಪ್ಪ ಸ್ವಿಚ್ಚಿನ ಪೆಟ್ಟಿಗೆಯ ಹತ್ತಿರ ಹೋದ.

"ಎರಡ್ ಪಾತಿ ಅದೆ ಕಣ್ಲಾ ಮುನಿಯ. ಅದೊಂದ್ ಮುಗಿಸ್ಬುಡು," ಎಂದರು ಗೌಡರು. ಕೇಳಿದ್ದಲ್ಲ, ಹೇಳಿದ್ದು.

ಗೌಡರ ಮಾತಿಗೆ ಇಲ್ಲವೆಂದು ಚಿಕ್ಕಮುನಿಯಪ್ಪನ ಅಪ್ಪನೂ ಅಂದವನಲ್ಲ.

"ಆಗಾಕಿಲ್ಲ ಗೌಡ್ರೆ. ಬಾವಿಗೆ ಹೊತ್ತಾಯ್ತು," ಎಂದು ಸ್ವಿಚ್ಚು ಕೆಳಗೆಳೆದ.

ಸದ್ದು ಅಡಗಿತು. ಅಕ್ಕಪಕ್ಕದ ಹೊಲಗಳಲ್ಲಿದ್ದವರು ಗುದ್ದಲಿ ನಿಲ್ಲಿಸಿ ಇತ್ತ ನೋಡಿದರು. ಗೌಡರ ಮುಖ ಕೆಂಪೇರಿತು. ಅವರು ಪಾತಿಗಳನ್ನು ನೋಡಿದರು, ಅವನನ್ನು ನೋಡಿದರು, ಬಾವಿಯೊಳಕ್ಕೆ ಬಗ್ಗಿ ತುಂಬ ಹೊತ್ತು ನೋಡಿದರು. ಆಮೇಲೆ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಬಾವಿಕಟ್ಟೆಯ ಮೇಲೆ ಮರದ ನೆರಳಿನಲ್ಲಿ ಕೂತು, ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

"ಬಿಸಿಲಾಗ್ ಯಾಕ್ ನಿಂತೀಯ. ಬಾ, ಕೂತ್ಕೊ."

ಗೌಡರ ಸಮಕ್ಕೆ ಕೂರುವುದು ಹೇಗೆಂದು ತಿಳಿಯದೆ ಅವನು ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಕೂತ. ಬಂಡೆಯ ಸಂದಿಯಿಂದ ನೀರು ಜಿನುಗುವುದನ್ನು ಇಬ್ಬರೂ ನೋಡುತ್ತಾ, ಇಳಿಹೊತ್ತಿಗಾಗಿ ಕಾದರು.