ಹತ್ತನೆಯ ಹುಡುಗಿ

"ಹತ್ತನೆಯವಳು ಸಿಕ್ಕಿದ್ಲಮ್ಮ," ಎಂದಳು ಮಗಳು, ಬಾಗಿಲಿಗೆ ಒರಗಿ ಒಂಟಿ ಕಾಲಲ್ಲಿ ನಿಂತು ಶೂ ಬಿಚ್ಚುತ್ತ. "ನಮ್ಮ ಗುಬ್ಬಿ. ಲೆಕ್ಕ ಅಂದ್ರೆ ಜ್ವರ ಬರೋಳು ಅವಳು. ನಾನು ಹೇಳಿಕೊಡ್ತೀನಿ ಬಾ ಅಂದೆ. ಇನ್ನು ಫಿಸಿಕ್ಸ್ ಕ್ಲಾಸ್ ನಡೆಸ್ಲೇಬೇಕು."

"ಒಳ್ಳೇದಾಯ್ತು," ಎಂದಳು ತಾಯಿ, ಒಲೆಯ ಕಡೆಯಿಂದ ತಿರುಗದೆ.

ಅವಳು, ಮಗಳು ಓದುವ ಹೈಸ್ಕೂಲಿನಲ್ಲೇ ವೈಯಕ್ತಿಕ ಹಣಕಾಸಿನ ಪಾಠ ಮಾಡುವವಳು. ಉಳಿತಾಯ, ವಿಮೆ, ಬಡ್ಡಿ. ಕೆಲಸ ಮಾತ್ರ ವರ್ಷದಿಂದ ವರ್ಷಕ್ಕೆ ಜೋತಾಡುವ ಕರಾರಿನದು. ಹಿಂದಿನ ವಾರ ಹೆಡ್‌ಮಾಸ್ಟರು ಕರೆದು, ಕನ್ನಡಕ ಒರೆಸುತ್ತ ಹೇಳಿದ್ದರು: "ಕೊನೇ ವರ್ಷದಲ್ಲಿ ಇರೋದೇ ಹದಿನೇಳು ಮಕ್ಕಳು. ಹತ್ತು ಜನ ಇಲ್ಲದ ಪಾಠ ನಡೆಸೋ ಹಾಗಿಲ್ಲ. ಅದ್ರಲ್ಲಿ ಹತ್ತು ಜನ ಫಿಸಿಕ್ಸ್‌ಗೆ ಹೋದ್ರೆ ನಿಮ್ಮ ಕ್ಲಾಸ್ ಮುಚ್ಚುತ್ತೆ. ಊರೆಲ್ಲ ತಿರುಗಿ ಮಕ್ಕಳನ್ನ ಸೇರಿಸ್ತಿರೋದು ನಿಮ್ಮ ಮಗಳೇ. ಮನೇಲಿ ಒಂದು ಮಾತು ಹೇಳಿ." ಹಗ್ಗ ಹರಿಯಬಾರದು, ಕೋಲು ಮುರಿಯಬಾರದು, ಅಂಥ ಮನುಷ್ಯ ಅವರು.

ಮಗಳು ಸ್ನಾನಕ್ಕೆ ಹೋದಾಗ ಗಂಡ ಅಡುಗೆಮನೆಗೆ ಬಂದ. ಕಾರ್ಖಾನೆ ಮುಚ್ಚಿದ ಮೇಲೆ ಅವನು ಮನೆಯಲ್ಲೇ ಇದ್ದ.

"ನಿನ್ನ ಕೆಲಸದ ವಿಷಯ ಅವಳಿಗೆ ಹೇಳಿಬಿಡೇ. ತಿಳ್ಕೊಳ್ತಾಳೆ."

"ತಿಳ್ಕೊಳ್ತಾಳೆ. ಆ ಕ್ಷಣವೇ ಬಿಟ್ಟುಬಿಡ್ತಾಳೆ. ಅದಕ್ಕೇ ಹೇಳಲ್ಲ."

ಒಳಗಿನಿಂದ ನೀರು ಸುರಿಯುವ ಸದ್ದಿನ ಜೊತೆಗೆ ಮಗಳ ಹಾಡೂ ಕೇಳುತ್ತಿತ್ತು. ಸ್ವರಕ್ಕೂ ಅವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಹೋದ ವರ್ಷವಿಡೀ ಆ ಹುಡುಗಿ ಹಾಡಿದ್ದೇ ಇಲ್ಲವೆಂಬುದು ತಾಯಿಗೆ ಆಗ ನೆನಪಾಯಿತು.

ಮರುದಿನ ಊಟದ ಬಿಡುವಿನಲ್ಲಿ ಗುಬ್ಬಿ ನಲ್ಲಿಯ ಹತ್ತಿರ ಒಬ್ಬಳೇ ಡಬ್ಬಿ ತೊಳೆಯುತ್ತಿದ್ದಳು. ತಾಯಿ, ಇಲ್ಲಿ ಟೀಚರು, ಅತ್ತ ಹೋಗಬೇಕೆಂದು ಹೊರಟವಳಲ್ಲ. ಕಾಲು ತಾನಾಗಿಯೇ ಅತ್ತ ನಡೆದಿತ್ತು.

"ಫಿಸಿಕ್ಸ್ ತಗೊಂಡ್ಯಂತೆ."

"ಹೂಂ ಮೇಡಂ. ನಿಮ್ಮ ಮಗಳು ಹೇಳಿಕೊಡ್ತೀನಿ ಅಂದ್ಲು."

"ಹೇಳಿಕೊಡ್ತಾಳೆ. ಪರೀಕ್ಷೆ ದಿನ ನಿನ್ನ ಪಕ್ಕ ಕೂರೋಕೆ ಬಿಡ್ತಾರಾ?" ಧ್ವನಿ ಹೆತ್ತ ತಾಯಿಯ ಧ್ವನಿಯಷ್ಟು ಮೆತ್ತಗಿತ್ತು. "ಹೋದ ಸಲ ಲೆಕ್ಕದಲ್ಲಿ ಕೂದಲೆಳೆಯಲ್ಲಿ ಪಾರಾದವಳು ನೀನು. ನಿಮ್ಮಪ್ಪನಿಗೆ ಏನಂತ ಹೇಳ್ತೀಯ? ನನಗೆ ಅದೊಂದೇ ಚಿಂತೆ."

ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ, ಕೊನೆಯದನ್ನು ಬಿಟ್ಟು. ಗುಬ್ಬಿಯ ಮುಖ ಬಾಡಿತು. ಡಬ್ಬಿಯಿಂದ ನೀರು ಅವಳ ಶೂ ಮೇಲೆ ಸುರಿಯುತ್ತಿತ್ತು.

"ನಾನು ಬಿಟ್ರೆ ಅವಳಿಗೆ ಕ್ಲಾಸೇ ಇರಲ್ಲ ಮೇಡಂ."

"ಅವಳನ್ನ ನಾನು ನೋಡ್ಕೊಳ್ತೀನಿ."

ಸಂಜೆ ಮಗಳು ತಡವಾಗಿ ಬಂದಳು. ಬ್ಯಾಗನ್ನು ಕುರ್ಚಿಯ ಮೇಲಿಟ್ಟು, ತಾಯಿಯ ಪಕ್ಕ ನಿಂತು ತಟ್ಟೆ ಒರೆಸತೊಡಗಿದಳು.

"ಗುಬ್ಬಿ ಬಿಟ್ಲು. ಯಾಕೆ ಅಂತ ಕೇಳಿದ್ರೆ ಬಾಯೇ ಬಿಡಲ್ಲ, ಬರೀ ಅಳ್ತಾಳೆ. ಬೇರೆಯವರ ಕೈಕಾಲು ಹಿಡಿದೆ, ಯಾರೂ ಬರಲಿಲ್ಲ."

"ಅವಳ ಮೇಲೆ ಕೋಪ ಮಾಡ್ಕೋಬೇಡ."

"ಕೋಪ ಇಲ್ಲಮ್ಮ. ಏನೋ ಕಷ್ಟ ಇರಬೇಕು ಪಾಪ." ತಾಯಿಯ ಮುಖ ನೋಡಿ ಅವಳು ನಗಲು ಪ್ರಯತ್ನಿಸಿದಳು. "ನೀನ್ಯಾಕೆ ಹೀಗಾದೆ? ಹೋಗ್ಲಿ ಬಿಡು. ನಿನ್ನ ಕ್ಲಾಸಲ್ಲೇ ಇರ್ತೀನಲ್ಲ."

ಗಂಡ ಪೇಪರಿನಿಂದ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಮತ್ತೆ ಪೇಪರಿಗೆ ತಲೆ ತಗ್ಗಿಸಿದ.

ತರಗತಿ ಶುರುವಾದ ದಿನ ಹದಿನಾರು ಮಕ್ಕಳು ಎದ್ದು ನಿಂತು ನಮಸ್ಕಾರ ಹೇಳಿದರು. ಮುಂದಿನ ಬೆಂಚಿನಿಂದ ಮಗಳೂ "ನಮಸ್ಕಾರ ಮೇಡಂ" ಎಂದಳು, ಉಳಿದವರ ಹಾಗೆಯೇ. ಹಾಜರಿ ಮುಗಿಯುವಷ್ಟರಲ್ಲಿ ಗುಬ್ಬಿ ಬಂದು ಬಾಗಿಲಲ್ಲಿ ನಿಂತಳು. ಅವಳ ಕಣ್ಣು ಒಮ್ಮೆ ಟೀಚರ ಮೇಲೆ ನಿಂತು, ನೆಲಕ್ಕಿಳಿಯಿತು.

"ಬಾ," ಎಂದಳು ಟೀಚರು.

ಮಗಳು ತನ್ನ ಬ್ಯಾಗನ್ನು ಕೆಳಗಿಟ್ಟು, ಗೋಡೆಯ ಕಡೆಗೆ ಸರಿದು ಜಾಗ ಮಾಡಿಕೊಟ್ಟಳು. ಗುಬ್ಬಿ ಬೆಂಚಿನ ತುದಿಯಲ್ಲಿ ಕೂತಳು. ಇಬ್ಬರ ನಡುವೆ ಮತ್ತೊಬ್ಬರು ಕೂರುವಷ್ಟು ಜಾಗ ಉಳಿಯಿತು.

ಟೀಚರು ಬೋರ್ಡಿನ ಕಡೆ ತಿರುಗಿದಳು. ಏನೂ ಬರೆದಿರದ ಬೋರ್ಡನ್ನು ಮೇಲಿನ ಮೂಲೆಯಿಂದ ಹಿಡಿದು ನಿಧಾನವಾಗಿ ಒರೆಸತೊಡಗಿದಳು.